ಬ್ಯಾಟರಿ ರೂಮಿನ ಪೊರ್ಬುಗಳು

ಹೋದ ತಿಂಗಳು ಮಂಗಳೂರಿನಿಂದ ಫೋನ್ ಬಂತು. ಮಾತಾಡಿದವರು ನಾನು ಎಂದೂ ನೋಡದವರು. ನಾನೀಗ ಬರೆಯಹೊರಟಿರುವವರ ಅಣ್ಣನ ಮಗ.

"ನಮ್ಮ ಅಂಕಲ್ ತೀರಿಹೋದ್ರು ಸರ್. ತಿಂಗಳ ಪೂಜೆಗೆ ಒಂದು ಸಣ್ಣ ಪುಸ್ತಕ ಮಾಡುದುಂಟು. ಮಸ್ಕತ್ತಿನ ಕಾಲದ ಬಗ್ಗೆ ನೀವು ಒಂದು ಪುಟ ಬರೆದು ಕೊಡ್ಬೇಕಂತೆ. ಆಂಟಿ ಹೇಳಿದ್ದು. ಬೇರೆ ಯಾರೂ ಬೇಡ, ರಾಯರೇ ಬರೀಲಿ ಅಂತ."

ಬರೆದು ಕಳಿಸಿದೆ. ಪ್ರಾಮಾಣಿಕರು, ಶ್ರಮಜೀವಿ, ದೈವಭಕ್ತರು ಎಂದು ಪುಟ ತುಂಬಿಸಿದೆ. ಈ ಮೂರು ಮಾತು ಯಾವ ಸತ್ತವರಿಗೂ ಹೊಂದುತ್ತವೆ, ಬರೆಯುವವನಿಗೂ ತಪ್ಪಿಸಿಕೊಳ್ಳಲು ಅನುಕೂಲ. ಆ ಪುಟದಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಹೇಳುವುದಿಲ್ಲ. ಕರಾವಳಿಯ ಕ್ರಿಶ್ಚಿಯನ್ನರನ್ನು ನಮ್ಮ ಕಡೆ ಗೌರವದಿಂದ ಪೊರ್ಬುಗಳು ಅನ್ನುತ್ತೇವೆ. ನಾನು ಅವರನ್ನು ಹದಿಮೂರು ವರ್ಷ ಹಾಗೆಯೇ ಕರೆದದ್ದು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಮಸ್ಕತ್ತಿನ ಘಾಲಾದ ಒಂದು ಕಂಟ್ರಾಕ್ಟಿಂಗ್ ಕಂಪನಿಯ ವರ್ಕ್‌ಶಾಪಿನಲ್ಲಿ ಗುಮಾಸ್ತನಾಗಿದ್ದೆ. ಕಂಪನಿಯ ಕಾಗದದಲ್ಲಿ ಅಡ್ಮಿನ್ ಅಸಿಸ್ಟೆಂಟ್. ಉಡುಪಿಗೆ ಬರೆಯುವ ಕಾಗದದಲ್ಲಿ ಆಫೀಸರ್. ಬಿ.ಎ. ಇಂಗ್ಲಿಷ್ ಮಾಡಿದ್ದೆ, ಅದರ ಜಂಬ ಆಗ ಜೋರಾಗಿಯೇ ಇತ್ತು. ಪೊರ್ಬುಗಳು ವರ್ಕ್‌ಶಾಪಿನ ಹಿಂದುಗಡೆ, ತಗಡಿನ ಮಾಡಿನ ಬ್ಯಾಟರಿ ರೂಮಿನಲ್ಲಿ ಕೂತವರು. ಲಾರಿ, ಜನರೇಟರ್, ಪಿಕಪ್, ಯಾವುದರ ಬ್ಯಾಟರಿಯಾದರೂ ಅವರ ಬಾಗಿಲು ದಾಟಿಯೇ ಬದುಕಬೇಕಿತ್ತು ಅಥವಾ ಸಾಯಬೇಕಿತ್ತು.

ಸಣ್ಣ ಆಳು. ಆ್ಯಸಿಡ್ ಸಿಡಿದು ಅವರ ಅಂಗಿಗಳಲ್ಲಿ ತೂತು ಬಿದ್ದಿರುತ್ತಿತ್ತು. ಕೆಲಸದ ಅಂಗಿಯಲ್ಲಿ ಮಾತ್ರವಲ್ಲ, ಅಲ್ಲಿಯ ವಾರದ ರಜೆ ಶುಕ್ರವಾರ ರೂವಿಯ ಇಗರ್ಜಿಗೆ ಹಾಕಿಕೊಂಡು ಹೋಗುವ ಬಿಳಿ ಅಂಗಿಯಲ್ಲಿಯೂ. "ಒಳ್ಳೆ ಅಂಗಿ ಅಂತ ಆ್ಯಸಿಡ್‌ಗೆ ಗೊತ್ತಾಗ್ಬೇಕಲ್ಲ ರಾಯ್ರೇ" ಅನ್ನುತ್ತಿದ್ದರು. ಕೆಲಸಕ್ಕೆ ಕೂರುವ ಮುಂಚೆ ಮದುವೆಯ ಉಂಗುರ ತೆಗೆದು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಜೇಬಿನಲ್ಲಿ ಇಟ್ಟುಕೊಳ್ಳುವರು. ಸ್ಪ್ಯಾನರ್ ತಪ್ಪಿ ಉಂಗುರ ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕಿದರೆ ಬೆರಳೇ ಬೆಂದುಹೋಗುತ್ತದಂತೆ. ಹಾಗಾಗಿ ಅವರಿಗೆ ಮದುವೆಯೇ ಆಗಿಲ್ಲವೆಂದು ಬಹಳ ಮಂದಿ ನಂಬಿದ್ದರು. ಒಬ್ಬ ಮಲಯಾಳಿ ಫೋರ್‌ಮನ್ ತನ್ನ ನಾದಿನಿಯ ಫೋಟೊವನ್ನೂ ತಂದು ತೋರಿಸಿದ್ದ. ಇವರು ಅದನ್ನು ತಿರುಗಿಸಿ ನೋಡಿ, ಚಂದ ಉಂಟು ಎಂದು ಹೇಳಿ, ಬೆಂಕಿಪೆಟ್ಟಿಗೆ ಬಿಚ್ಚಿ ಉಂಗುರ ತೋರಿಸಿದರು.

ಬ್ಯಾಟರಿಯನ್ನು ಬರೀ ಸಿಮೆಂಟಿನ ನೆಲದ ಮೇಲೆ ಇಡಲು ಬಿಡುತ್ತಿರಲಿಲ್ಲ, ಕೆಳಗೆ ಹಲಗೆ ಬೇಕು. ಅದರಿಂದ ಏನೂ ಲಾಭವಿಲ್ಲವೆಂದು ಒಬ್ಬ ಇಂಜಿನಿಯರ್ ಪುಸ್ತಕ ತೆರೆದು ತೋರಿಸಿದಾಗ ತಲೆಯಾಡಿಸಿ ಕೇಳಿದರು, ಅವನು ಹೋದ ಮೇಲೆ ಮತ್ತೆ ಹಲಗೆ ಇಟ್ಟರು. "ನೆಲದ ಮೇಲೆ ನಾವು ಮಲಗ್ತೇವಾ?" ಎಂದು ನನ್ನನ್ನು ಕೇಳಿದರು. ಕಂಪನಿ ಡಿಸ್ಟಿಲ್ಡ್ ವಾಟರ್ ಕೊಳ್ಳುತ್ತಿತ್ತು. ಇವರು ಅದರ ಜೊತೆಗೆ ಊರಿನವರ ಮನೆಮನೆಯ ಏಸಿಯಿಂದ ತೊಟ್ಟಿಕ್ಕುವ ನೀರನ್ನೂ ಹಿಡಿಸಿಡುತ್ತಿದ್ದರು. ನನ್ನ ಹೆಂಡತಿ ರೂವಿಯ ಫ್ಲ್ಯಾಟಿನ ಬಾಲ್ಕನಿಯಲ್ಲಿ ಅವರಿಗಾಗಿ ಒಂದು ಕ್ಯಾನ್ ಇಟ್ಟಿದ್ದಳು. ತುಂಬಿದ ಕ್ಯಾನನ್ನು ನಾನು ಕಂಪನಿಯ ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಹೋಗಬೇಕಿತ್ತು. ಬಿ.ಎ. ಇಂಗ್ಲಿಷ್ ಮಾಡಿದವನಿಗೆ ಇದು ಶೋಭೆಯೇ ಎಂದು ಆಗೆಲ್ಲ ಅನಿಸುತ್ತಿತ್ತು.

ಅವರಿಗೆ ತುಳು ನನ್ನಷ್ಟೇ ಚೆನ್ನಾಗಿ ಬರುತ್ತಿತ್ತು. ಊಟ ತಿಂಡಿಯ ಮಾತೆಲ್ಲ ತುಳುವಿನಲ್ಲಿಯೇ. ಆದರೆ ಆಫೀಸಿನ ಕೆಲಸವೆಂದರೆ, ಅಥವಾ ಏನಾದರೂ ಕೇಳಿಕೊಳ್ಳುವುದಿದ್ದರೆ, ಕನ್ನಡಕ್ಕೆ ತಿರುಗುತ್ತಿದ್ದರು. ಕನ್ನಡ ಶುರುವಾಯಿತೆಂದರೆ ವಿಷಯ ಗಂಭೀರವೆಂದು ನಾನು ನೆಟ್ಟಗೆ ಕೂರುತ್ತಿದ್ದೆ.

ಇನ್ನು ಸಾಹೇಬರ ವಿಷಯ. ವರ್ಕ್‌ಶಾಪಿನ ಮ್ಯಾನೇಜರ್ ಒಬ್ಬ ಇಂಗ್ಲಿಷಿನವರು. ಅವರು ಇಂಗ್ಲೆಂಡಿನಿಂದ ಹಡಗಿನಲ್ಲಿ ಒಂದು ಕ್ಯಾರಾವಾನ್ ತರಿಸಿದ್ದರು. ಮಂಚ, ಒಲೆ, ಸಿಂಕ್, ಫ್ರಿಜ್ ಎಲ್ಲ ಇರುವ ಮನೆಯಂಥ ಗಾಡಿ. ವರ್ಕ್‌ಶಾಪಿನ ಪಠಾಣರು ಅದನ್ನು ಚಲ್ತಾ ಘರ್, ನಡೆಯುವ ಮನೆ, ಅನ್ನುತ್ತಿದ್ದರು. ನವೆಂಬರಿನಿಂದ ಮಾರ್ಚಿನ ತನಕ ಸಾಹೇಬರೂ ಮೇಡಮ್ಮೂ ಅದರಲ್ಲಿ ಮರಳುಗಾಡು, ಸಮುದ್ರತೀರ ಎಂದು ಸುತ್ತುತ್ತಿದ್ದರು. ಜೂನ್ ಬಂತೆಂದರೆ ಗಾಡಿಯನ್ನು ನಮ್ಮ ಯಾರ್ಡಿನ ಶೆಡ್ಡಿನ ಕೆಳಗೆ ನಿಲ್ಲಿಸಿ ಇಬ್ಬರೂ ಮೂರು ತಿಂಗಳು ಇಂಗ್ಲೆಂಡಿಗೆ ಹೊರಡುವರು. ಗಾಡಿ ಸುಮ್ಮನೆ ನಿಂತರೆ ಒಳಗಿನ ಬ್ಯಾಟರಿ ಸಾಯುತ್ತದೆ. ಮೊದಲ ವರ್ಷ ಸತ್ತೇಹೋಗಿತ್ತು. ಅಲ್ಲಿಂದ ಮುಂದೆ ಅದರ ಜವಾಬ್ದಾರಿಯನ್ನು ಸಾಹೇಬರು ಪೊರ್ಬುಗಳಿಗೆ ವಹಿಸಿದರು, ಕಾಗದಪತ್ರದ ಜವಾಬ್ದಾರಿಯನ್ನು ನನಗೆ.

ಕಾಗದಪತ್ರವೇನು ಕಡಿಮೆಯದಲ್ಲ. ಕ್ಯಾರಾವಾನಿನ ಜೊತೆ ಬಂದ ಪುಸ್ತಕದಲ್ಲಿ ಚಳಿಗಾಲದಲ್ಲಿ ಗಾಡಿಯನ್ನು ನಿಲ್ಲಿಸಿಡುವಾಗ ಬ್ಯಾಟರಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಒಂದು ಅಧ್ಯಾಯವಿತ್ತು. ಅಲ್ಲಿಯ ಜನ ಬೇಸಗೆಯಲ್ಲಿ ಸುತ್ತಿ ಚಳಿಯಲ್ಲಿ ಗಾಡಿ ಮುಚ್ಚಿಡುತ್ತಾರೆ; ಇಲ್ಲಿ ತಿರುಗುಮುರುಗು. ಸಾಹೇಬರು ನಿಯಮದ ಮನುಷ್ಯ. ಆ ಅಧ್ಯಾಯದ ಪ್ರಕಾರವೇ ಒಂದು ರಿಜಿಸ್ಟರ್ ಮಾಡಿಸಿದರು. ನಲವತ್ತೆಂಟು ಡಿಗ್ರಿಯಲ್ಲಿ, ಚಪ್ಪಲಿಯ ಅಡಿ ಟಾರಿಗೆ ಅಂಟುತ್ತಿರುವಾಗ, ನಾನು 'ಚಳಿಗಾಲದ ದಾಖಲೆ' ಎಂಬ ಪುಸ್ತಕ ತೆರೆದು ಹದಿನೈದು ದಿನಕ್ಕೊಮ್ಮೆ ತುಂಬಿಸುತ್ತಿದ್ದೆ. ನೀರಿನ ಮಟ್ಟ, ಆ್ಯಸಿಡ್‌ನ ಸಾಂದ್ರತೆ, ಚಾರ್ಜು ಹಾಕಿದ ಹೊತ್ತು. ಕೊನೆಯ ಕಾಲಮ್ಮು ಹಿಮದಿಂದಾದ ಹಾನಿ. ಅದರಲ್ಲಿ ಪ್ರತಿ ಸಲವೂ 'ಇಲ್ಲ' ಎಂದು ಬರೆದು ಪೊರ್ಬುಗಳ ಸಹಿ ತೆಗೆದುಕೊಳ್ಳುತ್ತಿದ್ದೆ. ಅವರು ಒಂದು ಸಲವೂ ನಗದೆ ಸಹಿ ಹಾಕಿದರು. ಹಣೆಯ ಬೆವರು ಪುಟದ ಮೇಲೆ ಬೀಳದಂತೆ ಮುಖ ಒಂದು ಕಡೆ ತಿರುಗಿಸಿ ಹಾಕುತ್ತಿದ್ದರು.

ಒಂದು ಮೇ ತಿಂಗಳಲ್ಲಿ ಅವರು ನನ್ನ ಮೇಜಿನ ಎದುರು ನಿಂತು ಕನ್ನಡ ಶುರುಮಾಡಿದರು.

"ರಾಯ್ರೇ, ಆ ಗಾಡಿ ಮುಚ್ಚಿಟ್ರೆ ಒಳಗೆ ಒಲೆ ಆಗ್ತದೆ. ನೀರೆಲ್ಲ ಆರಿ ಪ್ಲೇಟ್ ಬತ್ತಲೆ ಆಗ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿದ್ರೆ ಸಾಲುದಿಲ್ಲ. ದಿನಾ ಬಾಗಿಲು ತೆರೀಬೇಕು, ವರ್ಕ್‌ಶಾಪಿನ ಕರೆಂಟಲ್ಲಿ ಏಸಿ ಹಾಕ್ಬೇಕು, ಒಂದು ಲೈಟ್, ಒಂದು ಫ್ಯಾನ್ ಓಡ್ಬೇಕು. ಬ್ಯಾಟ್ರಿ ಕೆಲಸ ಮಾಡಿ ಸಾಯುದಿಲ್ಲ, ಜನ ಮರ್ತುಬಿಟ್ರೆ ಸಾಯುದು."

"ಹಾಗಾದರೆ ದಿನಾ ತೆರೆಯಿರಿ. ಕೀಲಿಕೈ ನಿಮ್ಮ ಹತ್ತಿರವೇ ಇದೆಯಲ್ಲ."

"ಅದು ಹೌದು. ಒಳಗೆ ಜನ ಇದ್ರೆ ಒಳ್ಳೇದು." ಜೇಬಿನ ಬೆಂಕಿಪೆಟ್ಟಿಗೆಯನ್ನು ಮುಟ್ಟಿ ನೋಡಿಕೊಂಡರು. "ನನ್ನ ಹೆಂಡತಿಯನ್ನು ವಿಸಿಟ್‌ನಲ್ಲಿ ಕರ್ಕೊಂಡು ಬರ್ಲಿಕ್ಕೆ ಒಂದು ಕಾಗದ ಆಗ್ಬೇಕಿತ್ತು."

ಅವರ ಸಂಬಳದವರಿಗೆ ಸಂಸಾರ ತರುವ ವೀಸಾ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ರಜೆ, ಅಷ್ಟೇ ದಾಂಪತ್ಯ. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಊರಿನ ಡಾಕ್ಟರು, ಮಣಿಪಾಲದ ಡಾಕ್ಟರು, ಕೊನೆಗೆ ಮಸ್ಕತ್ತಿನ ಮತ್ರಾದ ಒಬ್ಬ ಡಾಕ್ಟರನ್ನೂ ಕೇಳಿಯಾಗಿತ್ತು.

"ಇಬ್ಬರಲ್ಲೂ ದೋಷ ಇಲ್ಲ ಅಂತ ಹೇಳಿದ್ದಾರೆ ರಾಯ್ರೇ. ಒಟ್ಟಿಗೆ ಇರಿ ಅಂತ ಹೇಳಿದ್ದು. ಒಟ್ಟಿಗೆ ಇರ್ಲಿಕ್ಕೆ ಮದ್ದು ಯಾವ ಅಂಗಡಿಯಲ್ಲಿ ಸಿಗ್ತದೆ?"

ನನಗೆ ಆಗಲೇ ಇಬ್ಬರು ಹೆಣ್ಣುಮಕ್ಕಳು. ಅವರ ಮಾತು ಕೇಳಿ ನಿಜವಾಗಿಯೂ ಕರುಳು ಚುರುಕ್ ಅಂತು. ಆ ದಿನಗಳಲ್ಲಿ ನಾನು ಒಳ್ಳೆಯವನಾಗಿದ್ದೆ; ಒಳ್ಳೆಯವನಾಗಲು ಏನೂ ಖರ್ಚಿರಲಿಲ್ಲ. ಭೇಟಿಯ ವೀಸಾಕ್ಕೆ ಕಂಪನಿಯಿಂದ ಆಕ್ಷೇಪವಿಲ್ಲವೆಂಬ ಪತ್ರ ಬೇಕು. ಟೈಪ್ ಮಾಡಿದೆ. 'ಉಳಿದುಕೊಳ್ಳುವ ಜಾಗ' ಎಂದಿದ್ದಲ್ಲಿ 'ಕಂಪನಿಯ ವಸತಿ' ಎಂದು ಬರೆದೆ. ಸಾಹೇಬರ ಮುಂದೆ ಹತ್ತು ಹನ್ನೆರಡು ಕಾಗದಗಳ ನಡುವೆ ಇಟ್ಟೆ. ನಾನು ಇಟ್ಟ ಕಾಗದಕ್ಕೆಲ್ಲ ಅವರು ಸಹಿ ಹಾಕುತ್ತಿದ್ದರು. ಅಷ್ಟು ನಂಬಿಕೆ, ಅಥವಾ ಅಷ್ಟು ಬೇಸರ.

ಸಾಹೇಬರ ವಿಮಾನ ಹೋದ ವಾರವೇ ಆಕೆ ಬಂದರು. ಪೊರ್ಬುಗಳಿಗಿಂತ ಅರ್ಧ ಗೇಣು ಎತ್ತರ, ಕಡಿಮೆ ಮಾತು, ಊರಿನಲ್ಲಿ ಹೊಲಿಗೆ ಕಲಿಸುತ್ತಿದ್ದವರು. ಮೂರು ತಿಂಗಳು ಘಾಲಾದ ಯಾರ್ಡಿನಲ್ಲಿ, ಡೀಸೆಲ್ ವಾಸನೆ, ವೆಲ್ಡಿಂಗಿನ ಸದ್ದಿನ ನಡುವೆ ಆ ಚಲ್ತಾ ಘರ್ ಅವರ ಮನೆಯಾಯಿತು. ವರ್ಕ್‌ಶಾಪಿನಲ್ಲಿ ಅರುವತ್ತು ಜನ. ಒಬ್ಬನೂ ಬಾಯಿಬಿಡಲಿಲ್ಲ. ಪಠಾಣರು ಆ ಶೆಡ್ಡಿನ ಕಡೆ ಹೋಗುವುದಿದ್ದರೆ ದೂರದಿಂದಲೇ ಕೆಮ್ಮಿ ಸದ್ದು ಮಾಡುತ್ತಿದ್ದರು. ಪೊರ್ಬುಗಳು ಮಧ್ಯಾಹ್ನ ಊಟಕ್ಕೆ 'ಮನೆಗೆ' ಹೋಗಿಬರುತ್ತೇನೆ ಅನ್ನುವುದನ್ನು ಕೇಳಿದರೆ ಮೇಲ್ನೋಟಕ್ಕೆ ತಮಾಷೆ. ಅವರು ಆ ಪದವನ್ನು ಹೇಳುವಾಗ ಮಾತ್ರ ಸ್ವಲ್ಪ ನಿಧಾನಿಸುತ್ತಿದ್ದರು.

ಬ್ಯಾಟರಿಯಂತೂ ಕೊಬ್ಬಿತು. ದಿನಾ ಏಸಿಯ ತಂಪು, ದಿನಾ ಬಳಕೆ, ದಿನಾ ಚಾರ್ಜು, ದಿನಾ ಗಂಡ ಹೆಂಡತಿ ಸೇರಿ ನೀರು ನೋಡುವುದು. ಸೆಪ್ಟೆಂಬರಿನಲ್ಲಿ ಆಕೆ ಊರಿಗೆ ಹೊರಡುವ ಮುಂಚೆ ಗಾಡಿಯನ್ನು ತಿಕ್ಕಿ ತೊಳೆದು, ಪರದೆ ಇಸ್ತ್ರಿ ಮಾಡಿ, ಫ್ರಿಜ್ಜಿನಲ್ಲಿ ನಿಂಬೆಹಣ್ಣಿನ ಹೋಳು ಇಟ್ಟು ಮೀನಿನ ವಾಸನೆ ಓಡಿಸಿದರು. ಸಾಹೇಬರು ಬಂದವರು ಸ್ವಿಚ್ ಒತ್ತಿದರೆ ಹೊಸ ಬ್ಯಾಟರಿಯ ಹಾಗೆ ಬೆಳಕು. ಎರಡನೆಯ ಬೇಸಗೆಯೂ ಹಾಗೆಯೇ ಕಳೆಯಿತು. ಆ ವರ್ಷ ಆಕೆ ಒಂದೂವರೆ ತಿಂಗಳ ಬಸುರಿಯೂ ಆಗಿ, ಊರಿಗೆ ಹೋದ ಮೇಲೆ ಗರ್ಭ ಇಳಿದುಹೋಯಿತು. ಪೊರ್ಬುಗಳು ಆ ಸುದ್ದಿಯನ್ನು ನನಗೆ ಹೇಳಿದ್ದು ಬ್ಯಾಟರಿಯೊಂದರ ಮುಚ್ಚಳ ಬಿಗಿಯುತ್ತ, ತಲೆಯೆತ್ತದೆ. "ಆಗ್ತದೆ ಅಂತ ಗೊತ್ತಾಯ್ತಲ್ಲ. ಇನ್ನೊಂದು ವರ್ಷ ನೋಡುದು."

ಇಲ್ಲಿಯ ತನಕ ಬರೆದದ್ದನ್ನು ಯಾರ ಮುಂದೆಯೂ ಓದಬಲ್ಲೆ. ಇನ್ನು ಮುಂದಿನದು ಹಾಗಲ್ಲ.

ಸಾಹೇಬರಿಗೆ ಆಶ್ಚರ್ಯ ತಡೆಯಲಿಲ್ಲ. ಈ ಸೆಕೆಯಲ್ಲಿ ಎಲ್ಲ ಇಂಗ್ಲಿಷಿನವರ ಕ್ಯಾರಾವಾನಿನ ಬ್ಯಾಟರಿಗಳೂ ಸಾಯುತ್ತವೆ, ತಮ್ಮದೊಂದು ಬದುಕುತ್ತದೆ, ವಿಧಾನವೇನೆಂದು ಒಂದು ಸಣ್ಣ ಟಿಪ್ಪಣಿ ಬರೆದುಕೊಡು ಎಂದು ನನಗೆ ಹೇಳಿದರು. ಅರ್ಧ ಪುಟ ಸಾಕಿತ್ತು. ನೀರು ನೋಡುತ್ತೇವೆ, ಚಾರ್ಜು ಹಾಕುತ್ತೇವೆ ಎಂದು ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಬಿ.ಎ. ಓದಿದ್ದು ಯಾಕೆ? ನಾಲ್ಕು ಪುಟದ ವರದಿ ಬರೆದೆ. ಪೀಠಿಕೆ, ಹವಾಮಾನ, ವಿಧಾನ, ಉಪಸಂಹಾರ. ಅದರಲ್ಲಿ 'ಮನೆಬಳಕೆಯನ್ನು ಹೋಲುವ ನಿಯಮಿತ, ಮಿತವಾದ ಹೊರೆ' ಎಂಬ ಒಂದು ಮಾತು ಬರೆದು ನಾನೇ ಎರಡು ಸಲ ಓದಿ ಹಿಗ್ಗಿದೆ. ಪೊರ್ಬುಗಳಿಗೆ ಓದಿ ಹೇಳಿದಾಗ ಅವರು ತಲೆ ಕೆರೆದುಕೊಂಡರು.

"ಇಷ್ಟು ಚಂದ ಬರೀಬಾರ್ದಿತ್ತು ರಾಯ್ರೇ."

ನಾನು ಅದನ್ನು ಹೊಗಳಿಕೆಯೆಂದು ತಿಳಿದೆ.

ಸಾಹೇಬರು ವರದಿಯ ಪ್ರತಿ ಮಾಡಿಸಿ ತಮ್ಮ ಪರಿಚಯದವರಿಗೆಲ್ಲ ಹಂಚಿದರು. ಅವರಲ್ಲೊಬ್ಬರು ಇನ್ನೊಂದು ಕಂಪನಿಯ ಇಂಗ್ಲಿಷಿನವರು, ವರ್ಷಕ್ಕೊಂದು ಬ್ಯಾಟರಿ ಕಳೆದುಕೊಂಡು ಬೇಸತ್ತವರು. ಅವರಿಗೆ ಕಣ್ಣಾರೆ ನೋಡಬೇಕಂತೆ. ಹಾಗಾಗಿ ಮೂರನೆಯ ಬೇಸಗೆ, ಆಗಸ್ಟಿನ ಮೊದಲ ವಾರ, ಸಾಹೇಬರು ರಜೆಯನ್ನು ಅರ್ಧಕ್ಕೇ ಮೊಟಕು ಮಾಡಿ ಬಂದವರು, ಆಫೀಸಿಗೂ ಹತ್ತದೆ, ಆ ಸ್ನೇಹಿತರನ್ನು ಕರೆದುಕೊಂಡು ಬೆಳಿಗ್ಗೆ ಹತ್ತು ಗಂಟೆಗೆ ನೇರ ಯಾರ್ಡಿಗೆ ನಡೆದರು. ಕಿಟಕಿಯಿಂದ ನೋಡಿದವನು ಓಡಿದೆ. ತಡವಾಗಿತ್ತು.

ಶೆಡ್ಡಿನ ಕಂಬಕ್ಕೂ ಗಾಡಿಯ ಕೊಕ್ಕೆಗೂ ಕಟ್ಟಿದ ಹಗ್ಗದಲ್ಲಿ ಆಕೆಯ ಎರಡು ಮ್ಯಾಕ್ಸಿ, ಪೊರ್ಬುಗಳ ತೂತಿನ ಅಂಗಿಗಳು ಒಣಗುತ್ತಿದ್ದವು. ಬಾಗಿಲಿನಿಂದ ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಘಮ ಬರುತ್ತಿತ್ತು. ಪೊರ್ಬುಗಳು ಗಾಡಿಯ ಪಕ್ಕ, ಕೈಯಲ್ಲಿ ಆ್ಯಸಿಡ್ ಅಳೆಯುವ ಹೈಡ್ರೋಮೀಟರ್ ಹಿಡಿದು, ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದರು. ಸ್ನೇಹಿತರು ನನ್ನ ವರದಿಯನ್ನು ಜೇಬಿನಿಂದ ತೆಗೆದು, ಮನೆಬಳಕೆಯನ್ನು ಹೋಲುವ ಹೊರೆ ಅಂದರೆ ಸರಿಯಾಗಿ ಏನು ಎಂದು ಕೇಳಿದರು. ನನ್ನ ಇಂಗ್ಲಿಷ್ ಅಷ್ಟೂ ಎಲ್ಲಿಗೋ ಹೋಯಿತು.

ಆಗ ಆಕೆಯೇ ಬಾಗಿಲಿಗೆ ಬಂದರು. ಒಂದು ಕ್ಷಣ ನೋಡಿದರು, ಒಳಗೆ ಹೋದರು, ಮತ್ತೆ ಬಂದಾಗ ಕೈಯಲ್ಲಿ ಚಹಾದ ತಟ್ಟೆ ಇತ್ತು. ಮನೆಗೆ ಜನ ಬಂದರೆ ಮಾಡುವುದನ್ನೇ ಮಾಡಿದರು. ಕಪ್ಪುಗಳು ಸಾಹೇಬರ ಮೇಡಮ್ಮಿನವು. ಸಾಹೇಬರು ಹಗ್ಗವನ್ನು ನೋಡಿದರು, ಕಪ್ಪನ್ನು ನೋಡಿದರು, ಚಹಾ ತೆಗೆದುಕೊಂಡು ನಿಂತೇ ಕುಡಿದರು. ಆಕೆಗೆ ಥ್ಯಾಂಕ್ಯೂ ಎಂದರು. ಸ್ನೇಹಿತರು, ಇದೂ ವಿಧಾನದ ಭಾಗವೇ ಎಂದು ಕೇಳಿದಾಗ, ಸಾಹೇಬರು ಬಹುಶಃ ಇದೇ ಮುಖ್ಯ ಭಾಗ ಎಂದು ಹೇಳಿ ಕಾರು ಹತ್ತಿದರು. ಆ ದಿನವೆಲ್ಲ ನನಗೂ ಪೊರ್ಬುಗಳಿಗೂ ಒಂದು ಮಾತೂ ಹೇಳಲಿಲ್ಲ.

ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಸುಮ್ಮನಿದ್ದದ್ದರಿಂದ ರಾತ್ರಿಯಿಡೀ ಕೂತು ಲೆಕ್ಕ ಹಾಕಿದೆ. ಕಂಪನಿಯ ವಸತಿ ಎಂದು ಟೈಪ್ ಮಾಡಿದ್ದು ನಾನು. ಕಂಪನಿಯ ಒಡೆಯ ಅರ್ಬಾಬ್‌ನ ಕಿವಿಗೆ ಬಿದ್ದರೆ, ಖಲಾಸ್, ಮೊದಲು ವಿಮಾನ ಹತ್ತುವವನು ನಾನು. ನನ್ನ ಮಕ್ಕಳು ಇಂಡಿಯನ್ ಸ್ಕೂಲಿನಲ್ಲಿ ಓದುತ್ತಿದ್ದರು, ಉಡುಪಿಯಲ್ಲಿ ಮನೆಯ ತಳಪಾಯ ಹಾಕಿಯಾಗಿತ್ತು. ಮರುದಿನ ಬೆಳಿಗ್ಗೆ ಯಾರೂ ಹೇಳದೆ ನಾನೇ ಒಂದು ಸರ್ಕ್ಯುಲರ್ ಟೈಪ್ ಮಾಡಿದೆ. ಯಾರ್ಡಿನಲ್ಲಿ ನಿಲ್ಲಿಸಿಟ್ಟ ವಾಹನಗಳ ಕೀಲಿಕೈಗಳು ಇನ್ನು ಮುಂದೆ ಆಫೀಸಿನಲ್ಲಿರತಕ್ಕದ್ದು. ತಿಂಗಳಿಗೊಮ್ಮೆ ಮಾತ್ರ ತೆರೆಯತಕ್ಕದ್ದು. ಒಳಗೆ ಯಾವ ವ್ಯಕ್ತಿಯೂ ಇರತಕ್ಕದ್ದಲ್ಲ. ಬೇರೆ ಕಾಗದಗಳ ನಡುವೆ ಇಟ್ಟೆ. ಸಾಹೇಬರು ಸಹಿ ಹಾಕಿದರು.

ಸರ್ಕ್ಯುಲರನ್ನು ಪೊರ್ಬುಗಳ ಕೈಗೆ ಕೊಟ್ಟು, "ಸಾಹೇಬರು ಬಹಳ ಸಿಟ್ಟಾಗಿದ್ದಾರೆ. ನಾನು ಹೇಗೋ ಸಮಾಧಾನ ಮಾಡಿ ಇಷ್ಟಕ್ಕೆ ನಿಲ್ಲಿಸಿದೆ" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಅದೇ ಸಂಜೆ ಆಕೆ ಒಂದು ಸೂಟ್‌ಕೇಸಿನೊಂದಿಗೆ ರೂವಿಯ ಪರಿಚಯದವರ ಮನೆಯ ಹಜಾರಕ್ಕೆ ಹೋದರು. ಹತ್ತು ದಿನದಲ್ಲಿ ಊರಿಗೆ ಹೊರಟರು. ವೀಸಾದಲ್ಲಿ ಇನ್ನೂ ಒಂದು ತಿಂಗಳು ಉಳಿದಿತ್ತು.

ಮುಂದಿನ ಬೇಸಗೆ ಕೀಲಿಕೈ ನನ್ನ ಡ್ರಾವರಿನಲ್ಲಿತ್ತು. ಜುಲೈ ನಡುವೆ ಪೊರ್ಬುಗಳು ಬಂದರು.

"ಕೀಲಿಕೈ ಕೊಡಿ ರಾಯ್ರೇ. ನೀರು ನೋಡ್ಬೇಕು."

"ತಿಂಗಳ ಮೊದಲ ಗುರುವಾರ ಮಾತ್ರ. ಸರ್ಕ್ಯುಲರ್ ಇದೆಯಲ್ಲ."

"ಸರ್ಕ್ಯುಲರಿಗೆ ಸೆಕೆ ಆಗುದಿಲ್ಲ. ಬ್ಯಾಟ್ರಿಗೆ ಆಗ್ತದೆ."

ಕೊಡಲಿಲ್ಲ. ಬ್ಯಾಟರಿ ಸತ್ತಿತು. ಚಳಿಗಾಲದ ದಾಖಲೆಯಲ್ಲಿ ಹಿಮದಿಂದಾದ ಹಾನಿ ಇಲ್ಲ ಎಂದು ಬರೆದು ಸಹಿಗೆ ಕೊಟ್ಟೆ. ಪೊರ್ಬುಗಳು ಸಹಿ ಹಾಕಿದರು, ಸತ್ತ ಬ್ಯಾಟರಿಯನ್ನು ಇಳಿಸಿ ಹಲಗೆಯ ಮೇಲೆ ಇಟ್ಟರು. ಸಾಹೇಬರು ಮಾತಿಲ್ಲದೆ ಹೊಸತು ತರಿಸಿದರು. ಅಲ್ಲಿಂದ ಮುಂದೆ ವರ್ಷಕ್ಕೊಂದು.

ಆದರೆ ಅದು ಬ್ಯಾಟರಿಯ ಮಾತು. ಪ್ರತಿ ಮೇ ತಿಂಗಳಲ್ಲಿ ಪೊರ್ಬುಗಳು ಬಂದು ನನ್ನ ಮೇಜಿನ ಎದುರು ಕನ್ನಡದಲ್ಲಿ ನಿಲ್ಲುತ್ತಿದ್ದರು.

"ಗಾಡಿ ಬೇಡ. ಅಲ್‌ಖುವೈರ್‌ನಲ್ಲಿ ಒಬ್ಬರ ಮನೆಯಲ್ಲಿ ಒಂದು ರೂಮ್ ಕೊಡ್ತಾರಂತೆ. ಕಾಗದ ಮಾತ್ರ ಆಗ್ಬೇಕು. ಸಾಹೇಬರನ್ನು ಒಂದು ಮಾತು ಕೇಳಿ ನೋಡ್ತೀರಾ? ನಾನು ಕೇಳಿದ್ರೆ ಇಂಗ್ಲಿಷ್ ಸರಿ ಬರ್ಲಿಕ್ಕಿಲ್ಲ."

"ಕೇಳ್ತೇನೆ" ಅನ್ನುತ್ತಿದ್ದೆ. ಫೈಲು ಹಿಡಿದು ಸಾಹೇಬರ ಕೋಣೆಗೆ ಹೋಗುತ್ತಿದ್ದೆ. ಪೊರ್ಬುಗಳು ಗಾಜಿನ ಬಾಗಿಲಿನ ಹೊರಗೆ ನಿಂತಿರುವುದು ಕಾಣುತ್ತಿತ್ತು. ನಾನು ಟೈರಿನ ಲೆಕ್ಕವನ್ನೋ ಡ್ರೈವರನ ರಜೆಯನ್ನೋ ಮಾತಾಡಿ, ಹೊರಗೆ ಬಂದು ಇಲ್ಲವೆಂದು ತಲೆಯಲ್ಲಾಡಿಸುತ್ತಿದ್ದೆ. ಕೇಳಿದರೆ ಹಳೆಯ ಕಾಗದ ಮೇಲೆ ಬರುತ್ತದೆ, ಕಂಪನಿಯ ವಸತಿ ಎಂದು ಬರೆದವನು ಯಾರೆಂದು ಕೇಳುತ್ತಾರೆ. ಇದೇ ನನ್ನ ಭಯ. ಮೊದಲ ವರ್ಷ ಇದು ಭಯವಾಗಿತ್ತು. ಎರಡನೆಯ ವರ್ಷದಿಂದ ರೂಢಿಯಾಯಿತು. ಹೋದ ವರ್ಷ ಕೇಳಿರಲಿಲ್ಲವಲ್ಲ, ಈ ವರ್ಷ ಹೇಗೆ ಕೇಳುವುದು?

"ಆಗ್ಲಿಕ್ಕಿಲ್ಲ ಅಂದ್ರಾ?"

"ಈ ವರ್ಷ ಬೇಡವಂತೆ. ಮುಂದಿನ ವರ್ಷ ನೋಡುವ."

"ನಿಮಗೆ ನನ್ನಿಂದ ತೊಂದರೆ" ಎಂದು ಅವರೇ ಸಂಕೋಚಪಟ್ಟುಕೊಂಡು ಬ್ಯಾಟರಿ ರೂಮಿಗೆ ಹೋಗುತ್ತಿದ್ದರು.

ಪೊರ್ಬುಗಳು ರಜೆಯಿಂದ ಬರುವಾಗ ಅವರ ಹೆಂಡತಿ ನನ್ನ ಮಕ್ಕಳಿಗೆ ಫ್ರಾಕು ಹೊಲಿದು ಕಳಿಸುತ್ತಿದ್ದರು. ಅಳತೆ ಕೊಟ್ಟವರಿಲ್ಲ. ಮಕ್ಕಳು ಎರಡು ವರ್ಷದಲ್ಲಿ ಎಷ್ಟು ಬೆಳೆದಿರಬಹುದೆಂದು ಅಂದಾಜು ಮಾಡಿ ಹೊಲಿದದ್ದು, ಪ್ರತಿ ಸಲವೂ ಸರಿಯಾಗುತ್ತಿತ್ತು. ನನ್ನ ಹೆಂಡತಿ, "ಪಾಪ, ಮಕ್ಕಳಿಲ್ಲದವರು, ಎಷ್ಟು ಪ್ರೀತಿ ನೋಡಿ" ಅನ್ನುವಳು. ಮಕ್ಕಳು "ಥ್ಯಾಂಕ್ಯೂ ಅಂಕಲ್" ಎಂದು ಇಂಗ್ಲಿಷಿನಲ್ಲಿ ಓಡಿಹೋಗುವರು. ನಾನು ಪೇಪರ್ ಓದುತ್ತಿರುವವನಂತೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು, ಆದರೆ ಆ ನಾಚಿಕೆಯಿಂದ ಒಂದು ಕಾಗದ ಟೈಪ್ ಮಾಡುವಷ್ಟೂ ಬಲ ಬರಲಿಲ್ಲ.

ಹಾಗೆ ಐದು ವರ್ಷ ಕಳೆಯಿತು.

ತೊಂಬತ್ತರ ದಶಕ ಶುರುವಾಗಿತ್ತು. ಸಾಹೇಬರು ನಿವೃತ್ತರಾಗಿ ಊರಿಗೆ ಹೊರಟರು. ಕ್ಯಾರಾವಾನನ್ನು ಬರ್ಕಾದ ಒಬ್ಬ ತೋಟದವರು ಕೊಂಡಿದ್ದರು. ಕೊನೆಯ ವಾರ ಅದರ ಕಾಗದಗಳಿಗೆ ಸಹಿ ಹಾಕಿಸಿಕೊಳ್ಳಲು ಅವರ ಕೋಣೆಗೆ ಹೋಗಿದ್ದೆ. ಸಹಿ ಹಾಕುತ್ತ ಹಾಕುತ್ತ ಅವರು ಒಂದು ಮಾತು ಕೇಳಿದರು.

"ಆ ಬ್ಯಾಟರಿಯವರ ಹೆಂಡತಿ ಯಾಕೆ ಮತ್ತೆ ಬರಲೇ ಇಲ್ಲ? ನಾನೇ ಸಹಿ ಹಾಕಿದ್ದ ಆ ವೀಸಾ ಪತ್ರವನ್ನು ಪ್ರತಿ ಮೇ ತಿಂಗಳಲ್ಲಿ ನೀನು ಮತ್ತೆ ತರುತ್ತೀ ಎಂದು ಕಾಯುತ್ತಿದ್ದೆ. ನಾನು ಹಾಗೆ ಹೇಳದೆ ಬಂದದ್ದರಿಂದ ಆಕೆಗೆ ಮುಜುಗರವಾಯಿತೇನೋ ಎಂದುಕೊಂಡೆ. ಆಮೇಲೆ ನೀನು ಕೀಲಿಕೈಯ ಸರ್ಕ್ಯುಲರ್ ತಂದೆ. ಅವರಿಗೇ ಬೇಡವಾಗಿರಬೇಕು ಎಂದುಕೊಂಡು ಸಹಿ ಹಾಕಿದೆ."

ನಾನು ಕ್ಯಾರಾವಾನಿನ ಕಾಗದಗಳನ್ನು ಎತ್ತಿಕೊಂಡೆ. ಮೇಜಿಗೆ ಬಂದು ಪತ್ರ ಟೈಪ್ ಮಾಡಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ತೆಗೆದುಕೊಂಡು ಹೋದೆ, ಅವರು ಈ ಸಲ ಪೂರ್ತಿ ಓದಿದರು, ಸಹಿ ಹಾಕಿದರು.

ಬ್ಯಾಟರಿ ರೂಮಿಗೆ ನಡೆದೆ. ಪೊರ್ಬುಗಳ ತಲೆ ಆಗ ಪೂರ್ತಿ ಬೆಳ್ಳಗಾಗಿತ್ತು. ಸೋಡಾ ಪುಡಿ ಹಾಕಿ ಕೈ ತೊಳೆದು, ಒರೆಸಿಕೊಂಡು, ಕಾಗದ ತೆಗೆದುಕೊಂಡರು. ಅಕ್ಷರ ಅಕ್ಷರ ಓದಿದರು. ಸಹಿಯ ಮೇಲೆ ಬೆರಳಿಟ್ಟು ನೋಡಿದರು. ಎಲ್ಲ ಹೇಳಿಬಿಡಬೇಕು ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕಣ್ಣು ತುಂಬಿತು.

"ಇನ್ನು ಬಂದು ಎಂತ ಮಾಡುದು ರಾಯ್ರೇ. ಅವಳಿಗೆ ನಲವತ್ತೆರಡು ಆಯ್ತು. ಆ ಕಾಲ ಹೋಯ್ತು. ನನ್ನ ಅಮ್ಮ ಮಲಗಿದಲ್ಲೇ ಇದ್ದಾರೆ, ಬಿಟ್ಟು ಬರ್ಲಿಕ್ಕೂ ಆಗುದಿಲ್ಲ." ಕಾಗದವನ್ನು ಎರಡು ಮಡಿಕೆ ಮಾಡಿ ಜೇಬಿನಲ್ಲಿಟ್ಟರು. "ಆದ್ರೂ ಇದನ್ನು ಅವಳಿಗೆ ಕಳಿಸ್ತೇನೆ. ಅವಳು ನೋಡ್ಬೇಕು. ಐದು ವರ್ಷ, ಐದು ಸಲ ಆಗುದಿಲ್ಲ ಅಂತ ಹೇಳಿಸ್ಕೊಂಡು, ಮತ್ತೆಯೂ ಬಿಡದೆ ಆರನೇ ಸಲ ಹೋಗಿ ಕೇಳಿದ್ರಲ್ಲ ನೀವು. ಸ್ವಂತ ಅಣ್ಣನೂ ಹೀಗೆ ಮಾಡ್ಲಿಕ್ಕಿಲ್ಲ."

ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. ಅವರ ಕೈ ಇನ್ನೂ ಒದ್ದೆಯಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.

"ಅದರಲ್ಲೇನುಂಟು ಪೊರ್ಬುಗಳೇ" ಎಂದೆ. "ನನ್ನ ಕೈಲಾದದ್ದು ಮಾಡಿದೆ."